ಆ ಮರದ ಮನೆಯಲ್ಲಿ ಎಷ್ಟು ಜನ ಇದ್ದರು?

(ಹಾಡು ಕೇಳುವ ಗೆಳೆಯರ ಮುಂದೆ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಓಘ ಮಾತ್ರ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇವತ್ತು ಐದು ಹಾಡಿನ ತುಣುಕು ಕೇಳಿಸಬೇಕು ಅಂತ ಎಲ್ಲ ಜೋಡಿಸಿಕೊಂಡು ಬಂದಿದ್ದೆ. ಸ್ಪೀಕರ್ ಕೈಕೊಟ್ಟಿದೆ. ಅರ್ಧ ಗಂಟೆ ವೈರು ಕಿತ್ತು ಹಾಕಿದ್ದೇ ಬಂತು. ಹಾಗಾಗಿ ಹಾಡನ್ನು ಬರೀ ಬಾಯಲ್ಲಿ ವರ್ಣಿಸುವ ಕಷ್ಟ ನನ್ನದು, ಕಲ್ಪಿಸಿಕೊಳ್ಳುವ ಕಷ್ಟ ನಿಮ್ಮದು. ಮನೆಗೆ ಹೋದಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಲೆಕ್ಕ ಚುಕ್ತಾ ಆಗುತ್ತದೆ.

ನಾನು ಮಾತಾಡಲು ಬಂದಿರುವುದು ಬೋನ್ ಈವೇರ್ ಅನ್ನುವ ತಂಡದ ಬಗ್ಗೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಅನ್ನುವ ಊರಿನದು. ಇಂಡೀ ಫೋಕ್ ಅಂತ ಕರೆಯುತ್ತಾರೆ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಗಿಟಾರು ಮತ್ತು ದನಿಯನ್ನೇ ನೆಚ್ಚಿಕೊಂಡು ಮಾಡುವ ಸಂಗೀತ ಅಂದುಕೊಳ್ಳಿ. ಈ ತಂಡದ ನಡುಮನೆಯ ಕಂಬ ಜಸ್ಟಿನ್ ವರ್ನನ್. 1981ರಲ್ಲಿ ಹುಟ್ಟಿದವನು. 'ಅವನು' ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಾಡು ಕೇಳಿ ಕೇಳಿ ಸಲಿಗೆ ಬಂದುಬಿಟ್ಟಿದೆ.

ಈ ತಂಡದ ಬಗ್ಗೆ ಯಾರು ಬರೆದರೂ ಒಂದೇ ಕಥೆಯಿಂದ ಶುರು ಮಾಡುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆಮೇಲೆ ಆ ಕಥೆಯ ಜೊತೆ ಸ್ವಲ್ಪ ಜಗಳ ಆಡುತ್ತೇನೆ.

ಕಥೆ ಹೀಗಿದೆ. ವರ್ನನ್ ಮತ್ತು ಅವನ ಗೆಳೆಯರು ಡಿಯಾರ್ಮಂಡ್ ಎಡಿಸನ್ ಅಂತ ಒಂದು ತಂಡ ಕಟ್ಟಿದ್ದರು. 2005ರಲ್ಲಿ ಊರು ಬಿಟ್ಟು ನಾರ್ತ್ ಕ್ಯಾರೊಲೈನಾದ ರಾಲಿಗೆ ಹೋದರು. ಮರುವರ್ಷ ತಂಡ ಒಡೆಯಿತು. ಉಳಿದವರು ಮೆಗಾಫಾನ್ ಅಂತ ಬೇರೆ ತಂಡ ಮಾಡಿಕೊಂಡರು. ಅದೇ ಹೊತ್ತಿಗೆ ಪ್ರೀತಿಯೂ ಮುರಿದಿತ್ತು. ಮೇಲಿಂದ ಮಾನೊನ್ಯೂಕ್ಲಿಯೋಸಿಸ್ ಅನ್ನುವ ಕಾಯಿಲೆ ಬಂದು ಲಿವರ್‌ಗೂ ಪೆಟ್ಟು ಬಿತ್ತು. ತಿಂಗಳುಗಟ್ಟಲೆ ಮಲಗಿದ. 2006ರ ಚಳಿಗಾಲ ಶುರುವಾಗುವ ಹೊತ್ತಿಗೆ ಕಾರು ಹತ್ತಿ ವಿಸ್ಕಾನ್ಸಿನ್‌ಗೆ ವಾಪಸ್ ಬಂದ. ಕಾಡಿನ ನಡುವೆ ಅಪ್ಪನದೊಂದು ಬೇಟೆಯ ಮನೆ ಇತ್ತು, ಮರದಿಂದ ಕಟ್ಟಿದ್ದು. ಅಲ್ಲಿ ಹೆಚ್ಚುಕಡಿಮೆ ಮೂರು ತಿಂಗಳು ಒಬ್ಬನೇ ಇದ್ದ. ಸೌದೆ ಒಡೆದ, ಜಿಂಕೆ ಹೊಡೆದು ತಿಂದ, ಹಾಡು ಮಾಡಿದ. ಅದೇ 'ಫಾರ್ ಎಮ್ಮಾ, ಫಾರೆವರ್ ಎಗೋ' ಅನ್ನುವ ಆಲ್ಬಮ್. ಒಂಬತ್ತು ಹಾಡು.

ಇದು ಎಷ್ಟು ಚೆನ್ನಾಗಿ ಕೂರುವ ಕಥೆ ನೋಡಿ! ಹಿಮ, ಕಾಡು, ಒಡೆದ ಹೃದಯ, ಗಡ್ಡ. ಪತ್ರಿಕೆಯವರಿಗೆ ಇನ್ನೇನು ಬೇಕು? ಕೆಲವರು ಬರೆಯುವುದನ್ನು ಓದಿದರೆ ಅವನು ಗುಹೆಯಲ್ಲಿ ತಪಸ್ಸಿಗೆ ಕೂತಿದ್ದ ಅನ್ನಬೇಕು. ಸ್ವಾಮಿ, ಅಲ್ಲಿ ಕರೆಂಟ್ ಇತ್ತು. ಕಂಪ್ಯೂಟರ್ ಇತ್ತು. ಹಾಡು ರೆಕಾರ್ಡ್ ಮಾಡುವ ಪ್ರೋ ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಇತ್ತು. ಜೊತೆಗೆ ಒಂದು ಹಳೇ ಗಿಟಾರು ಮತ್ತು ಶ್ಯೂರ್ ಕಂಪನಿಯ ಎಸ್‌ಎಂ57 ಮೈಕು. ಈ ಮೈಕನ್ನು ಸಾಮಾನ್ಯವಾಗಿ ಡ್ರಮ್ಮಿನ ಮೇಲೋ ಗಿಟಾರಿನ ಆಂಪ್ಲಿಫೈಯರ್ ಮುಂದೋ ಇಡುತ್ತಾರೆ. ಸುಮಾರು 100 ಡಾಲರ್‌ಗೆ ಸಿಗುವ ಗಟ್ಟಿ ಮಾಲು. ಸ್ಟುಡಿಯೋಗಳಲ್ಲಿ ಹಾಡುಗಾರರ ಮುಂದೆ ಇಡುವ ನಾಜೂಕಿನ ಮೈಕು ಇದಲ್ಲ. ಇವನು ಎಲ್ಲವನ್ನೂ ಇದರೊಳಗೇ ಹಾಡಿದ.

ಈಗ ಜಗಳಕ್ಕೆ ಬರುತ್ತೇನೆ. ಆ ಆಲ್ಬಮ್ ಹಾಕಿ ಕಣ್ಣು ಮುಚ್ಚಿ ಕೇಳಿದರೆ ನಿಮಗೆ ಒಬ್ಬ ಮನುಷ್ಯ ಕೇಳಿಸುತ್ತಾನಾ? ನನಗೆ ಯಾವತ್ತೂ ಕೇಳಿಸಿಲ್ಲ. ನನಗೆ ಕೇಳಿಸುವುದು ಒಂದು ಗುಂಪು.

ಅದು ಹೇಗೆ ಆಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಸಾಲು ಹಾಡಿ ರೆಕಾರ್ಡ್ ಮಾಡುತ್ತೀರಿ. ಅದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾ ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತೀರಿ. ಎರಡೂ ಒಂದೇ ಥರ ಬರುವುದು ಸಾಧ್ಯವೇ ಇಲ್ಲ. ಒಂದು ಕಡೆ ಉಸಿರು ಕೂದಲೆಳೆಯಷ್ಟು ಮುಂಚೆ ಬರುತ್ತದೆ, ಇನ್ನೊಂದು ಕಡೆ ಶ್ರುತಿ ಸಾಸಿವೆಯಷ್ಟು ಇಳಿದಿರುತ್ತದೆ. ಆ ಚೂರು ವ್ಯತ್ಯಾಸದಿಂದಲೇ ದನಿ ದಪ್ಪಗಾಗುತ್ತದೆ. ಮೂರನೇ ಸಲ ಒಂದು ಸ್ವರ ಮೇಲೆ ಹಾಡಿ. ನಾಲ್ಕನೇ ಸಲ ಕೆಳಗೆ. ಹೀಗೆ ಪದರದ ಮೇಲೆ ಪದರ. ಕೊನೆಗೆ ಖಾಲಿ ಮನೆಯಲ್ಲಿ ಕೂತವನ ಸುತ್ತ ಒಂದು ಮೇಳವೇ ನಿಂತಿರುತ್ತದೆ. ಎಲ್ಲರ ಮುಖವೂ ಅವನದೇ.

ದನಿಯ ಬಗ್ಗೆ ಇನ್ನೊಂದು ಮಾತು. ಹಳೇ ತಂಡದಲ್ಲಿ ವರ್ನನ್ ತನ್ನ ಸಹಜವಾದ ತಗ್ಗು ದನಿಯಲ್ಲಿ ಹಾಡುತ್ತಿದ್ದ. ಈ ಮರದ ಮನೆಯಲ್ಲಿ ಫಾಲ್ಸೆಟೊಗೆ, ಅಂದರೆ ಸಹಜಕ್ಕಿಂತ ಎತ್ತರದ ತೆಳು ದನಿಗೆ, ಹತ್ತಿದ. ನಮ್ಮಲ್ಲಿ ಅದನ್ನು ಕಳ್ಳದನಿ ಅನ್ನುವವರಿದ್ದಾರೆ. ಅನ್ನುವಾಗ ಮೂಗು ಮುರಿಯುವುದೂ ಉಂಟು. ಆದರೆ ಇಲ್ಲಿ ಆ ಕಳ್ಳದನಿಯೇ ಮನೆಯ ಯಜಮಾನ. ಪದಗಳನ್ನು ಆಮೇಲೆ ಸೇರಿಸಿದ್ದು. ಮೊದಲು ಅರ್ಥವಿಲ್ಲದ ಸದ್ದುಗಳಲ್ಲೇ ರಾಗ ಹಾಡಿ ರೆಕಾರ್ಡ್ ಮಾಡುತ್ತಿದ್ದ. ನಂತರ ಅದನ್ನು ಮತ್ತೆ ಮತ್ತೆ ಕೇಳಿ, ಆ ಸದ್ದಿಗೆ ಯಾವ ಪದ ಹೊಂದುತ್ತದೆ ಅಂತ ಹುಡುಕಿ ಬರೆಯುತ್ತಿದ್ದ. ಅವನ ಸಾಹಿತ್ಯ ಯಾಕೆ ಅರ್ಧ ತಿಳಿದು ಅರ್ಧ ಜಾರಿಹೋಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಆಲಾಪನೆ ಕೇಳಿ ರೂಢಿ ಇರುವ ನಮಗೆ ಇದೇನು ಅಷ್ಟು ಕಷ್ಟ ಅಲ್ಲ.

ಇನ್ನೂ ಒಂದು ವಿಷಯ. ಆ ಆಲ್ಬಮ್‌ನಲ್ಲಿ ಕೇಳುವ ಟ್ರಂಪೆಟ್, ಟ್ರಾಂಬೋನ್ ಬೇಟೆಯ ಮನೆಯವಲ್ಲ. ಬೇರೆ ಕೈಗಳು ನುಡಿಸಿದ್ದು, ಬೇರೆ ಕಡೆ ಸೇರಿದ್ದು. 'ಒಬ್ಬನೇ ಮಾಡಿದ' ಅನ್ನುವ ಮಾತಿನಲ್ಲಿ ಅಲ್ಲೂ ಒಂದು ಸಣ್ಣ ಬಿರುಕು ಇದೆ.

ತಂಡದ ಹೆಸರಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಕಾಯಿಲೆ ಬಿದ್ದಿದ್ದಾಗ ಅವನು ಅಲಾಸ್ಕಾದ ಒಂದು ಊರಿನ ಕಥೆ ಇರುವ ಟಿವಿ ಧಾರಾವಾಹಿ ನೋಡುತ್ತಿದ್ದ. ಅದರಲ್ಲಿ ಮೊದಲ ಹಿಮ ಬಿದ್ದಾಗ ಜನ ಫ್ರೆಂಚ್‌ನಲ್ಲಿ 'ಒಳ್ಳೆಯ ಚಳಿಗಾಲ' ಅಂತ ಹಾರೈಸುತ್ತಾರೆ. ಅದನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಸರಿಯಾದ ಫ್ರೆಂಚ್ ಕಾಗುಣಿತ ಗೊತ್ತಾದಾಗ ಅದರಲ್ಲಿ ಲಿವರ್ ಅನ್ನುವ ಪದದ ನೆರಳು ಕಂಡಿತಂತೆ. ಲಿವರ್ ಕಾಯಿಲೆಯಿಂದ ಆಗತಾನೇ ಎದ್ದವನಿಗೆ ಅದು ಬೇಡವಾಯಿತು. ಒಂದು ಅಕ್ಷರ ಕಿತ್ತುಹಾಕಿದ. ಉಳಿದದ್ದೇ ಬೋನ್ ಈವೇರ್.

2007ರಲ್ಲಿ ಆಲ್ಬಮ್ ತಾನೇ ಹೊರತಂದ. ಸುಮಾರು 500 ಸಿಡಿ. ಮೊದಲಿಗೆ ಅವನು ಇದನ್ನು ಕಚ್ಚಾ ಪ್ರತಿ ಅಂತಲೇ ತಿಳಿದಿದ್ದ, ಆಮೇಲೆ ಮತ್ತೆ ಸರಿಯಾಗಿ ಹಾಡಬೇಕು ಅಂತ. ಗೆಳೆಯರು ಬೇಡ, ಹೀಗೇ ಬಿಡು ಅಂದರು. ಪುಣ್ಯಾತ್ಮರು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಜಾಗ್‌ಜಾಗುವಾರ್ ಅನ್ನುವ ಸಣ್ಣ ಕಂಪನಿ ಕೈಹಿಡಿದು 2008ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು.

ಇಲ್ಲಿಂದ ಶುರುವಾಗುತ್ತದೆ ನಿಜವಾದ ಫಜೀತಿ. ಕಂಪ್ಯೂಟರಿನಲ್ಲಿ ನೀವೊಬ್ಬರೇ ಎಂಟು ಜನ ಆಗಬಹುದು. ವೇದಿಕೆ ಮೇಲೆ? ಅಲ್ಲಿ ನಿಮಗಿರುವುದು ಒಂದೇ ಗಂಟಲು.

ಇದಕ್ಕೆ ಮೊದಲ ಉತ್ತರ ಅದಾಗಿಯೇ ನಡೆದುಕೊಂಡು ಬಂತು. ಶುರುವಿನ ಒಂದು ಕಾರ್ಯಕ್ರಮಕ್ಕೆ ವರ್ನನ್ ಒಬ್ಬನೇ ಹಾಡಲು ಹೊರಟಿದ್ದ. ಶಾನ್ ಕ್ಯಾರಿ ಅನ್ನುವ ಹುಡುಗ ಬಂದು, ನಿನ್ನ ಎಲ್ಲ ಹಾಡೂ ನನಗೆ ನುಡಿಸಲು ಬರುತ್ತದೆ, ಹಾಡಲೂ ಬರುತ್ತದೆ ಅಂದ. ಯಾರೂ ಹೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ಸುಮ್ನೆ ಮನೆಯಲ್ಲಿ ಕೂತು ಡ್ರಮ್ಸು, ಮೇಲಿನ ದನಿ ಎರಡನ್ನೂ ಕಲಿತುಬಿಟ್ಟಿದ್ದ. ಅವನು ಇವತ್ತಿಗೂ ತಂಡದ ಬೆನ್ನೆಲುಬು. ಎರಡನೆಯವನು ಮೈಕ್ ನಾಯ್ಸ್. ವರ್ನನ್ ಹತ್ತಿರ ಗಿಟಾರ್ ಪಾಠಕ್ಕೆ ಬರುತ್ತಿದ್ದ ಹುಡುಗ. ಒಬ್ಬ ಅಭಿಮಾನಿ, ಒಬ್ಬ ಶಿಷ್ಯ. ಇಂಥ ತಂಡ ಜಾಹೀರಾತು ಕೊಟ್ಟರೆ ಸಿಗುವುದಿಲ್ಲ.

ಎರಡನೇ ಉತ್ತರ ನನಗೆ ಇನ್ನೂ ಇಷ್ಟ. ಆ ಆಲ್ಬಮ್‌ನಲ್ಲಿ ತೋಳಗಳ ಹೆಸರಿನ ಒಂದು ಹಾಡಿದೆ. ಕೊನೆಗೆ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ದನಿಗಳು ಜಾಸ್ತಿ ಆಗುತ್ತಾ ಹೋಗುತ್ತವೆ. ಶುರುವಿನ ಪ್ರವಾಸಗಳಲ್ಲಿ ವರ್ನನ್ ಆ ಸಾಲಿನ ಚೀಟಿ ಬರೆಸಿ ಜನರಿಗೆ ಹಂಚುತ್ತಿದ್ದ. ನನಗೆ ನಿಮ್ಮೆಲ್ಲರ ದನಿ ಬೇಕು, ಹಾಡಿ ಅನ್ನುತ್ತಿದ್ದ. ಜನ ಮೊದಲು ಮುಜುಗರದಿಂದ ಗುನುಗುತ್ತಾರೆ. ಪಕ್ಕದವರು ಹಾಡುವುದು ಕೇಳಿದ ಮೇಲೆ ಧೈರ್ಯ ಬರುತ್ತದೆ. ಕೊನೆಗೆ ಛಾವಣಿ ಹಾರಿಹೋಗುವ ಹಾಗೆ ಕೂಗುತ್ತಾರೆ. ಭಜನೆಗೆ ಹೋದವರಿಗೆ ಇದು ಗೊತ್ತು. ನೋಡಿ, ಅವನು ಕಾಡಿನಲ್ಲಿ ಒಬ್ಬನೇ ಎಂಟು ದನಿ ಹಾಡಿದಾಗ ಕಟ್ಟಿದ್ದು ಎಂಟು ಖಾಲಿ ಕುರ್ಚಿ. ಈಗ ಜನ ಬಂದು ಅದರಲ್ಲಿ ಕೂರುತ್ತಿದ್ದರು.

2009ರ ಜನವರಿಯಲ್ಲಿ ನಾಲ್ಕು ಹಾಡಿನ 'ಬ್ಲಡ್ ಬ್ಯಾಂಕ್' ಬಂತು. ಅದರ ಕೊನೆಯ ಹಾಡಿನಲ್ಲಿ ವಾದ್ಯವೇ ಇಲ್ಲ. ನಾಲ್ಕು ಸಾಲಿನ ಒಂದೇ ಪದ್ಯ. ದನಿಯನ್ನು ಆಟೋ-ಟ್ಯೂನ್ ಅನ್ನುವ ಶ್ರುತಿ ತಿದ್ದುವ ಸಾಫ್ಟ್‌ವೇರ್ ಮೂಲಕ ಹಾಯಿಸಿ, ಒಂದರ ಮೇಲೊಂದು ಪೇರಿಸಿದ್ದಾನೆ. ಫೋಕ್ ಅಂದರೆ ಮರ, ತಂತಿ, ಬೆವರು ಅಂತ ನಂಬಿದ್ದವರು ಹೌಹಾರಿದರು. ಹಿಪ್‌ಹಾಪ್ ಲೋಕದ ಕಾನ್ಯೆ ವೆಸ್ಟ್‌ಗೆ ಮಾತ್ರ ಅದು ಹಿಡಿಸಿತು. ವರ್ನನ್‌ನನ್ನು ಹವಾಯಿಯ ಸ್ಟುಡಿಯೋಗೆ ಕರೆಸಿಕೊಂಡು, 2010ರ ತನ್ನ ಆಲ್ಬಮ್‌ನಲ್ಲಿ ಆ ಹಾಡಿನ ತುಣುಕನ್ನೇ ಬಳಸಿದ. ಕಾಡಿನ ಹುಡುಗ ರ್‍ಯಾಪ್ ಆಲ್ಬಮ್‌ನಲ್ಲಿ! ಆಗ ಇದು ವಿಚಿತ್ರ ಅನ್ನಿಸಿತ್ತು. ಈಗ ಹಿಂತಿರುಗಿ ನೋಡಿದರೆ, ಮುಂದಿನ ಹತ್ತು ವರ್ಷದ ದಾರಿ ಅಲ್ಲೇ ತೆರೆದುಕೊಂಡಿತ್ತು.

ಆ ವೇಳೆಗೆ ವರ್ನನ್ ತನ್ನ ಸಹೋದರನ ಜೊತೆ ಸೇರಿ ಫಾಲ್ ಕ್ರೀಕ್‌ನಲ್ಲಿ ಒಂದು ಕಟ್ಟಡ ಕೊಂಡಿದ್ದ. ಹುಟ್ಟಿ ಬೆಳೆದ ಮನೆಯಿಂದ ಕೆಲವೇ ಮೈಲಿ. ಮೊದಲು ಅದು ದನ-ನಾಯಿಗಳ ಆಸ್ಪತ್ರೆ ಆಗಿತ್ತು. ಒಳಗೆ ಬಳಕೆಯಲ್ಲಿಲ್ಲದ ಒಂದು ಈಜುಕೊಳ. ಆ ಕೊಳದ ಮೇಲೆ ಸ್ಟುಡಿಯೋ ಕಟ್ಟಿ ಏಪ್ರಿಲ್ ಬೇಸ್ ಅಂತ ಹೆಸರಿಟ್ಟರು. ಎರಡನೇ ಆಲ್ಬಮ್ ಇಲ್ಲಿ ಆಯಿತು. 2011ರ ಜೂನ್‌ನಲ್ಲಿ ಬಿಡುಗಡೆ. ಹೆಸರು ತಂಡದ್ದೇ.

ಇದು ಮೊದಲಿನದರ ತದ್ವಿರುದ್ಧ. ಸ್ಯಾಕ್ಸೊಫೋನಿಗೆ ಕಾಲಿನ್ ಸ್ಟೆಟ್ಸನ್, ಪೆಡಲ್ ಸ್ಟೀಲ್ ಗಿಟಾರಿಗೆ ಗ್ರೆಗ್ ಲೀಸ್, ತಂತಿವಾದ್ಯಗಳಿಗೆ ರಾಬ್ ಮೂಸ್. ಹಾಡುಗಳಿಗೆ ಹೆಚ್ಚಾಗಿ ಊರಿನ ಹೆಸರು: ಪರ್ತ್, ಕ್ಯಾಲ್ಗರಿ, ಲಿಸ್ಬನ್. ಕೆಲವು ಊರು ನಿಜ, ಕೆಲವು ಅರ್ಧ ಕಲ್ಪನೆ. ಕೊನೆಯ ಹಾಡಂತೂ ಎಂಬತ್ತರ ದಶಕದ ಕೀಬೋರ್ಡ್ ಸದ್ದಿನಲ್ಲಿ ಮುಳುಗಿದೆ. ಅದನ್ನು ಕೇಳಿ ನಕ್ಕವರೂ ಇದ್ದಾರೆ, ಅತ್ತವರೂ ಇದ್ದಾರೆ. ನಾನು ಮೊದಲ ಸಲ ನಕ್ಕೆ. ಆಮೇಲಿನ ವಿಷಯ ಬಿಡಿ.

ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ 2ನೇ ಸ್ಥಾನಕ್ಕೆ ಬಂತು. ಪ್ರವಾಸಕ್ಕೆ ಹೊರಟಾಗ ವೇದಿಕೆ ಮೇಲೆ ಒಂಬತ್ತು ಜನ, ಎರಡು ಡ್ರಮ್ ಸೆಟ್. ಹಳೇ ಒಂಟಿ ಹಾಡುಗಳನ್ನೂ ಈ ಒಂಬತ್ತು ಜನ ಬಿಚ್ಚಿ ಮತ್ತೆ ಕಟ್ಟಿದರು. 2012ರ ಫೆಬ್ರವರಿಯಲ್ಲಿ ಎರಡು ಗ್ರ್ಯಾಮಿ ಬಂದವು: ಹೊಸ ಕಲಾವಿದ, ಆಲ್ಟರ್ನೇಟಿವ್ ಆಲ್ಬಮ್. ನಾಲ್ಕು ವರ್ಷ ಊರೂರು ಸುತ್ತಿದವನಿಗೆ 'ಹೊಸ ಕಲಾವಿದ' ಪ್ರಶಸ್ತಿ! ಹೆಸರನ್ನು ಹೇಗೆ ಹೇಳಬೇಕು ಅಂತ ಅರ್ಧ ಅಮೆರಿಕಕ್ಕೆ ಗೊತ್ತಿರಲಿಲ್ಲ. ಆ ಸಮಾರಂಭದಲ್ಲಿ ಹಾಡಲು ಅವನು ಒಪ್ಪಲಿಲ್ಲ. ಬೇರೆ ಕಲಾವಿದರ ಜೊತೆ ಸೇರಿ ಹಾಡಬೇಕು ಅನ್ನುವ ಷರತ್ತು ಅವನಿಗೆ ಹಿಡಿಸಲಿಲ್ಲ. ಜನ ಬೇಕು, ಆದರೆ ಯಾರು ಅಂತ ಆರಿಸುವುದು ನಾನೇ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆಮೇಲೆ ಸುಸ್ತಾದ. ತಂಡಕ್ಕೆ ಬಿಡುವು ಕೊಟ್ಟ. ಬೇರೆ ಗೆಳೆಯರ ಜೊತೆ ವಾಲ್ಕೇನೋ ಕ್ವಾಯರ್ ಅನ್ನುವ ತಂಡದಲ್ಲಿ ಹಾಡಿದ. 2015ರಲ್ಲಿ 'ದ ನ್ಯಾಷನಲ್' ತಂಡದ ಆರನ್ ಡೆಸ್ನರ್ ಜೊತೆ ಸೇರಿ ತನ್ನೂರಲ್ಲೇ ಓ ಕ್ಲೇರ್ ಹೆಸರಿನ ಹಬ್ಬ ಶುರು ಮಾಡಿದ. 2016ರ ಆಗಸ್ಟ್‌ನಲ್ಲಿ, ಇನ್ನೂ ಬಿಡುಗಡೆಯೇ ಆಗಿರದ ಮೂರನೇ ಆಲ್ಬಮ್ ಅನ್ನು ಆ ಹಬ್ಬದಲ್ಲಿ ಮೊದಲಿಂದ ಕೊನೆವರೆಗೂ ನುಡಿಸಿದರು.

ಆ ಆಲ್ಬಮ್ '22, ಎ ಮಿಲಿಯನ್'. ಸೆಪ್ಟೆಂಬರ್ 30ಕ್ಕೆ ಬಂತು. ಹಾಡುಗಳ ಹೆಸರೆಲ್ಲ ಅಂಕಿ, ಚಿಹ್ನೆ, ಗೀಟು. ಬಾಯಲ್ಲಿ ಹೇಳಲು ಹೋದರೆ ನಾಲಿಗೆ ತೊಡರುತ್ತದೆ. 22 ಅವನಿಗೆ ಬಾಲ್ಯದಿಂದ ಅಂಟಿಕೊಂಡ ಸಂಖ್ಯೆ. ಅಂದರೆ 22 ಅವನೇ. ಮಿಲಿಯನ್ ಅಂದರೆ ಉಳಿದವರೆಲ್ಲ. ನಾನು ಇಷ್ಟು ಹೊತ್ತು ಕಷ್ಟಪಟ್ಟು ಹೇಳಲು ಹೊರಟಿದ್ದನ್ನು ಅವನು ಒಂದು ಅಲ್ಪವಿರಾಮ ಹಾಕಿ ಮುಗಿಸಿದ್ದಾನೆ.

ಇದರಲ್ಲಿ ಒಂದು ಹಾಡು ನಿಮಗೆ ಇವತ್ತು ಕೇಳಿಸಲೇಬೇಕು ಅಂತಿದ್ದೆ. ಹೆಸರು 715 ಅನ್ನುವ ಅಂಕಿಯಿಂದ ಶುರುವಾಗುತ್ತದೆ. 715 ಅವನ ಊರಿನ ಕಡೆಯ ಟೆಲಿಫೋನ್ ಕೋಡ್. ಅಲ್ಲಿ ಒಂದು ದನಿ, ಒಂದು ಯಂತ್ರ, ಅಷ್ಟೇ. ಎಂಜಿನಿಯರ್ ಕ್ರಿಸ್ ಮೆಸೀನಾ ಜೊತೆ ಸೇರಿ ರೂಪಿಸಿದ್ದರಿಂದ ಆ ಯಂತ್ರವನ್ನೂ ಮೆಸೀನಾ ಅಂತಲೇ ಕರೆಯುತ್ತಾರೆ. ಕೆಲಸ ಮಾಡುವ ಬಗೆ ಹೀಗೆ. ಮೈಕಿನಲ್ಲಿ ಹಾಡುತ್ತಿರುತ್ತೀರಿ. ಕೈ ಕೀಬೋರ್ಡಿನ ಮೇಲಿರುತ್ತದೆ. ಮೂರು ಕೀ ಒತ್ತಿದರೆ ನಿಮ್ಮದೇ ದನಿ ಆ ಮೂರೂ ಸ್ವರಗಳಲ್ಲಿ ಆ ಕ್ಷಣವೇ ಹೊರಡುತ್ತದೆ. ಬೆರಳು ಎತ್ತಿದರೆ ಒಬ್ಬರು ಕಮ್ಮಿ, ಇಟ್ಟರೆ ಒಬ್ಬರು ಜಾಸ್ತಿ. ಮರದ ಮನೆಯಲ್ಲಿ ಗಂಟೆಗಟ್ಟಲೆ ಕೂತು ಪೇರಿಸಿದ ಗುಂಪನ್ನು ಇಲ್ಲಿ ಬೆರಳ ತುದಿಯಲ್ಲಿ ಕರೆಯಬಹುದು, ಕಳಿಸಬಹುದು. ಹಾಡಿನ ಕೊನೆಗೆ ಅವನು ಕೂಗುತ್ತಾನೆ. ಆಗ ಯಂತ್ರವೂ ತಡವರಿಸುತ್ತದೆ, ಸ್ವರಗಳು ಒಡೆಯುತ್ತವೆ. ಗಂಟಲು ಬಿರಿದ ಜಾಗದಲ್ಲೇ ಯಂತ್ರವೂ ಬಿರಿಯುತ್ತದೆ. ಇದು ಯಾಂತ್ರಿಕ, ಇದರಲ್ಲಿ ಜೀವ ಇಲ್ಲ ಅನ್ನುವವರಿಗೆ ನಾನು ಕೇಳಿಸುವುದು ಆ ಹದಿನೈದು ಸೆಕೆಂಡು ಮಾತ್ರ.

ಹಳೇ ಅಭಿಮಾನಿಗಳಲ್ಲಿ ಒಂದಷ್ಟು ಜನ ಇಲ್ಲಿ ಇಳಿದುಹೋದರು. ಗಿಟಾರು ಎಲ್ಲಿ, ಕಾಡು ಎಲ್ಲಿ ಅಂತ. ಅವರ ಬೇಸರ ಅರ್ಥವಾಗುತ್ತದೆ. ಆದರೆ ಅವರು ಪ್ರೀತಿಸಿದ್ದು ಹಾಡನ್ನೋ, ಕಥೆಯನ್ನೋ ಅನ್ನುವ ಅನುಮಾನ ನನ್ನದು.

ಪ್ರವಾಸ ಅಂದರೆ ಬರೀ ಚಪ್ಪಾಳೆ ಅಲ್ಲ. 2017ರ ಜನವರಿಯಲ್ಲಿ ಯುರೋಪಿನ ಪ್ರವಾಸ ರದ್ದಾಯಿತು. ವೈಯಕ್ತಿಕ ಕಾರಣ ಅಂದರು. ಆತಂಕ, ಖಿನ್ನತೆ ಬಗ್ಗೆ ವರ್ನನ್ ತಾನೇ ಹಲವು ಸಲ ಮಾತಾಡಿದ್ದಾನೆ. ಸ್ವಲ್ಪ ಯೋಚಿಸಿ. ಜೀವನದ ಅತಿ ಕೆಟ್ಟ ಚಳಿಗಾಲದ ಬಗ್ಗೆ ಹಾಡು ಬರೆಯುತ್ತೀರಿ. ಅದು ಜನರಿಗೆ ಇಷ್ಟವಾಗುತ್ತದೆ. ಆಮೇಲೆ ಹತ್ತು ವರ್ಷ, ದಿನಾ ರಾತ್ರಿ, ಬೇರೆ ಬೇರೆ ಊರಲ್ಲಿ ನಿಂತು ಅದೇ ಚಳಿಗಾಲವನ್ನು ಮತ್ತೆ ತೆಗೆದು ತೋರಿಸಬೇಕು. ಗಾಯಕ್ಕೆ ಹಕ್ಕಳೆ ಕಟ್ಟಲು ಟಿಕೆಟ್ ಕೊಂಡವರು ಬಿಡುವುದಿಲ್ಲ.

2018ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್‌ಗೆ ಹತ್ತು ವರ್ಷ ತುಂಬಿತು. ಮಿಲ್ವಾಕಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ದೊಡ್ಡ ಕ್ರೀಡಾಂಗಣದಲ್ಲಿ ಇಡೀ ಆಲ್ಬಮ್ ನುಡಿಸಿದರು. 100 ಡಾಲರ್ ಮೈಕಿನ ಪಿಸುಮಾತು ಅಷ್ಟು ದೊಡ್ಡ ಜಾಗ ತುಂಬಿತು. ಅದೇ ವರ್ಷ ಸೇಂಟ್ ಪಾಲ್‌ನ ಟಿಯು ಡ್ಯಾನ್ಸ್ ಅನ್ನುವ ನೃತ್ಯ ತಂಡದ ಜೊತೆ ಹೊಸ ಹಾಡುಗಳ ಒಂದು ಪ್ರಯೋಗ. ಹಾಡಿನ ಮುಂದೆ ನರ್ತಕರು, ಹಾಡುವವರು ಹಿಂದೆ. ಎಲ್ಲರ ಕಣ್ಣು ತನ್ನ ಮೇಲಿಲ್ಲದ ವೇದಿಕೆ ಅವನಿಗೆ ಎಷ್ಟು ಹಗುರ ಅನ್ನಿಸಿರಬೇಕು.

ನಾಲ್ಕನೇ ಆಲ್ಬಮ್ 'ಐ, ಐ' 2019ರ ಆಗಸ್ಟ್‌ನಲ್ಲಿ ಬಂತು. ಹೆಚ್ಚಿನ ಕೆಲಸ ನಡೆದದ್ದು ಟೆಕ್ಸಸ್‌ನ ಗಡಿ ಹತ್ತಿರ ಪೆಕಾನ್ ತೋಟಗಳ ನಡುವೆ ಇರುವ ಸಾನಿಕ್ ರಾಂಚ್ ಸ್ಟುಡಿಯೋದಲ್ಲಿ. ಮೊದಲ ಆಲ್ಬಮ್ ಚಳಿಗಾಲ, ಎರಡನೆಯದು ವಸಂತ, ಮೂರನೆಯದು ಬೇಸಿಗೆ, ಇದು ಎಲೆ ಉದುರುವ ಕಾಲ ಅಂತ ತಂಡದವರೇ ಹೇಳಿದರು. ಬ್ರೂಸ್ ಹಾರ್ನ್ಸ್‌ಬಿ, ಜೇಮ್ಸ್ ಬ್ಲೇಕ್, ಮೋಸೆಸ್ ಸಮ್ನಿ, ಬ್ರೂಕ್ಲಿನ್‌ನ ಮಕ್ಕಳ ಗಾಯನ ತಂಡ ಹೀಗೆ ದೊಡ್ಡ ಜಾತ್ರೆಯೇ ಇದೆ. ಎಷ್ಟೋ ಕಡೆ ಹಾಡುತ್ತಿರುವುದು ಯಾರು ಅಂತಲೇ ತಿಳಿಯುವುದಿಲ್ಲ. ವೇದಿಕೆಗೆ ಗಾಯಕಿ ಜೆನ್ ವಾಸ್ನರ್ ಸೇರಿಕೊಂಡಳು. ವರ್ನನ್‌ನ ಮೇಲಿನ ದನಿಗೆ ಒಂದು ಹೆಣ್ಣಿನ ದನಿ ಜೊತೆಯಾಯಿತು. ನನಗೆ ಈ ಆಲ್ಬಮ್ ಸ್ವಲ್ಪ ಚದುರಿದಂತೆ ಕಾಣುತ್ತದೆ. ಅಷ್ಟು ಜನ ಬಂದಾಗ ಮನೆ ಯಜಮಾನ ಎಲ್ಲೋ ಅಡುಗೆಮನೆಯಲ್ಲಿ ಕಳೆದುಹೋದ ಹಾಗೆ.

2020ರಲ್ಲಿ ಟೇಲರ್ ಸ್ವಿಫ್ಟ್ ಜೊತೆ ಹಾಡಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸಾಂಕ್ರಾಮಿಕದ ಕಾಲ, ಇಬ್ಬರೂ ಅವರವರ ಜಾಗದಲ್ಲೇ ಕೂತು ಹಾಡಿ ಕಳಿಸಿದರು. ಅಲ್ಲಿ ಅವನು ಹಾಡು ತೆರೆಯುವುದು ತನ್ನ ಹಳೇ ತಗ್ಗು ದನಿಯಲ್ಲಿ. ಎಷ್ಟೋ ಜನ 'ಈ ಗಂಡಸು ಯಾರು?' ಅಂದರು. ಕಳ್ಳದನಿಯ ಯಜಮಾನನಿಗೆ ಅಸಲಿ ದನಿಯೂ ಇತ್ತು, ಜನಕ್ಕೆ ಮರೆತೇ ಹೋಗಿತ್ತು.

2024ರ ಅಕ್ಟೋಬರ್‌ನಲ್ಲಿ 'ಸೇಬಲ್' ಅಂತ ಮೂರು ಹಾಡು ಬಂದವು. ಗಿಟಾರು ಮತ್ತೆ ಮುಂದೆ ಬಂದಿತ್ತು, ದನಿಗೆ ಪದರಗಳು ಕಮ್ಮಿ. ಪತ್ರಿಕೆಯವರು ಖುಷಿಯಾದರು, ನೋಡಿ ಕಾಡಿಗೆ ವಾಪಸ್ ಹೋದ ಅಂತ. ಆರು ತಿಂಗಳು ಕಳೆದು, 2025ರ ಏಪ್ರಿಲ್ 11ರಂದು, ಪೂರ್ತಿ ಆಲ್ಬಮ್ ಬಂತು: 'ಸೇಬಲ್, ಫೇಬಲ್'. ಆ ಮೂರು ಕತ್ತಲ ಹಾಡು ಮೊದಲು. ಅದರ ಹಿಂದೆಯೇ ಬಾಗಿಲು ತೆರೆದ ಹಾಗೆ ಪ್ರೇಮದ ಹಾಡುಗಳು, ಕುಣಿಯಬಹುದಾದ ತಾಳ. ಗಾಯಕಿ ಡ್ಯಾನಿಯಲ್ ಹೈಮ್ ಜೊತೆ ಒಂದು ಯುಗಳಗೀತೆ. ಯುಗಳಗೀತೆ ಅಂದರೆ ನಿಜವಾದ ಯುಗಳಗೀತೆ. ಅವಳು ಹಾಡುವಾಗ ಇವನು ಕೇಳುತ್ತಾನೆ. ಇಷ್ಟು ವರ್ಷದಲ್ಲಿ ಅವನು ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮಾತಾಡುವ ಹಾಗೆ ಹಾಡಿದ್ದು ತೀರಾ ಕಮ್ಮಿ.

ನನ್ನ ಮಾತು ಇಷ್ಟೇ ಇತ್ತು. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಕೈ ಎತ್ತಿದರು. "ಎಲ್ಲ ಸರಿ, ನಾನು ಮೊದಲು ಯಾವುದು ಕೇಳಲಿ?" ಅಂದರು. ಎರಡನೇ ಆಲ್ಬಮ್‌ನ ಮೂರನೇ ಹಾಡು ಕೇಳಿ ಸಾರ್, ಎರಡು ಗಿಟಾರು ಎಡಬಲದಲ್ಲಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ ಅಂದೆ. ಅವರು ಜೇಬಿಂದ ಪೆನ್ನು ತೆಗೆದು ಬಸ್ ಟಿಕೆಟ್ ಹಿಂದೆ ಬರೆದುಕೊಂಡರು. ಆಮೇಲೆ ತಲೆ ಎತ್ತಿ, "ತಂಡದ ಹೆಸರು ಇನ್ನೊಂದು ಸಲ ಹೇಳಿ" ಅಂದರು.